ಅಕ್ಕ ಹಿಡಿದ ನಾಡಿ

ನನ್ನ ಎಡಭುಜದ ಕೆಳಗೆ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ತಪ್ಪದಂತೆ ಕಾಯುವ ಪುಟ್ಟ ಯಂತ್ರ, ಬಂದು ಕೂತು ಇವತ್ತಿಗೆ ಒಂದು ವರ್ಷ. ಫೋನ್ ಮಾಡಿದವರು, ಬಂದು ನೋಡಿದವರು, ಬರಲಾಗದೆ ದಿನವೂ ಸಂದೇಶ ಕಳಿಸಿದವರು ಬಹಳ ಮಂದಿ. ಯಾರಿಗೂ ಆಗ ನೆಟ್ಟಗೆ ಉತ್ತರಿಸಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮೊದಲು, ಹಲವರು ಕೇಳಿದ ಪ್ರಶ್ನೆಗೆ ಉತ್ತರ: ನನಗೆ ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಜಾಲರಿ) ಹಾಕಿಲ್ಲ. ‘ಹಾರ್ಟ್ ಬ್ಲಾಕ್’ ಎಂದ ಕೂಡಲೇ ರಕ್ತನಾಳ ಕಟ್ಟಿಕೊಂಡಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಕೊಬ್ಬು ಕಡಿಮೆ ಮಾಡು ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಅವರ ಕಾಳಜಿಗೂ ನಮಸ್ಕಾರ. ಆದರೆ ನನ್ನಲ್ಲಿ ಕೆಟ್ಟದ್ದು ಕೊಳವೆಯಲ್ಲ, ತಂತಿ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಜ್ಞೆ ಕೆಳಗಿನ ಕೋಣೆಗಳಿಗೆ ದಾಟುವುದೇ ನಿಂತುಹೋಗಿತ್ತು. ಕೆಳಗಿನವು ಹಾಗೆಂದು ಸುಮ್ಮನಿರುವುದಿಲ್ಲ, ತಮ್ಮ ಪಾಡಿಗೆ ತಾವು ನಿಮಿಷಕ್ಕೆ 30–40 ಸಲ ಮಿಡಿಯುತ್ತವೆ. ಆ ಮಿಡಿತವನ್ನು ನೆಚ್ಚುವಂತಿಲ್ಲ. ಅದೂ ಕೆಲವು ಸೆಕೆಂಡು ಕೈಕೊಟ್ಟರೆ ಮಿದುಳಿಗೆ ರಕ್ತ ಸಾಲದೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಬಡಿತ ಮರಳಿದೊಡನೆ ಎದ್ದು ಕೂರುತ್ತಾನೆ. ಆಗ ಬಂದು ನೋಡಿದವರಿಗೆ ಏನೂ ಆಗಿಲ್ಲವೆಂದೇ ಕಾಣುತ್ತದೆ.

ನಾನು ಹೀಗೆ ನಾಲ್ಕು ಸಲ ಬಿದ್ದೆ. ಮೊದಲು ತೋರಿಸಿದ ಕಡೆ ನಿದ್ದೆ ಸಾಲದು, ಚಿಂತೆ ಜಾಸ್ತಿ ಎಂದರು. ನಾನೂ ನಂಬಿದೆ, ಏಕೆಂದರೆ ಎರಡೂ ನಿಜವಾಗಿದ್ದವು. ನಂಬದೆ ಉಳಿದವಳು ಅಕ್ಕ. ನಾಲ್ಕನೆಯ ಸಲ ಉಳಿದವರೆಲ್ಲ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರೆ, ಅವಳು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂತಿದ್ದಳಂತೆ. ಅರ್ಧ ನಿಮಿಷಕ್ಕೆ 16. ಆ ಸಂಖ್ಯೆಯನ್ನು ಹಳೆಯ ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಹೋಗಿ, ಇಸಿಜಿ ತೆಗೆಯದೆ ಏಳುವುದಿಲ್ಲ ಎಂದು ವೈದ್ಯರ ಎದುರು ಕೂತುಬಿಟ್ಟಳು. ಕಾಗದದ ಪಟ್ಟಿ ಹೊರಬಂದ ಮೇಲೆ ಆ ಕೋಣೆಯಲ್ಲಿ ಯಾರೂ ಚಿಂತೆಯ ವಿಷಯ ಎತ್ತಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಚ್ಚರವಾಗಿಯೇ ಇದ್ದೆ. ಪ್ರತಿ ಹೆಜ್ಜೆಯನ್ನೂ ಕಿವಿಯ ಬಳಿ ಮೆಲ್ಲಗೆ ಹೇಳುತ್ತಿದ್ದ ದಾದಿಗೆ, ನನ್ನ ನಡುಕ ಕಂಡು ಕೈ ನಿಲ್ಲಿಸಿ ಕಾದ ವೈದ್ಯರಿಗೆ ನಾನು ಋಣಿ. ಆಮೇಲಿನ ಆರು ವಾರ ಎಡಗೈಯನ್ನು ಭುಜದಿಂದ ಮೇಲೆತ್ತುವಂತಿರಲಿಲ್ಲ, ಹೊಸ ತಂತಿಗಳು ಒಳಗೆ ನೆಲೆಯೂರಬೇಕಲ್ಲ. ಅಷ್ಟೂ ದಿನ ಅಕ್ಕ ನನಗೆ ತಲೆ ಬಾಚಿದಳು. ಸಿಕ್ಕು ಬಿಡಿಸುವಾಗ ಚಿಕ್ಕಂದಿನಲ್ಲಿ ಬೈಯುತ್ತಿದ್ದಂತೆಯೇ ಬೈದಳು.

ಪೇಸ್‌ಮೇಕರ್ ಪರೀಕ್ಷಿಸುವ ತಂತ್ರಜ್ಞರಿಗೂ ಕೃತಜ್ಞತೆ ಹೇಳಲೇಬೇಕು. ನನ್ನ ಸ್ವಂತ ಬಡಿತ ಎಷ್ಟು ಉಳಿದಿದೆ ನೋಡಲು ಅವರು ಯಂತ್ರದ ವೇಗವನ್ನು ಸ್ವಲ್ಪ ಹೊತ್ತು ಇಳಿಸುತ್ತಾರೆ. ತಲೆ ಹಗುರವಾದರೆ ಹೇಳಿ ಎಂದು ಮೊದಲೇ ಎಚ್ಚರಿಸಿರುತ್ತಾರೆ. ಪರದೆಯ ಮೇಲಿನ ಅಂಕಿ 60, 50, 40 ಎಂದು ಇಳಿದು, ಕಳೆದ ಸಲ 34ಕ್ಕೆ ನಿಂತಿತು. ಒಳಗೆ ಏನೋ ಬರಿದಾದಂತೆ ಅನಿಸಿ ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳು ಗುಂಡಿ ಒತ್ತಿಯಾಗಿತ್ತು. ವಿಚಿತ್ರವೆಂದರೆ, ನನ್ನ ಹೃದಯದ ಮೇಲಿನ ಕೋಣೆ ಇಂದಿಗೂ ತಪ್ಪದೆ ಸಂಜ್ಞೆ ಕೊಡುತ್ತಲೇ ಇದೆ. ಪೇಸ್‌ಮೇಕರ್ ಅದನ್ನು ಗಮನಿಸಿ, ಸೆಕೆಂಡಿನ ಒಂದು ಸಣ್ಣ ಪಾಲು ತಡೆದು, ಕೆಳಗೆ ತಲುಪಿಸುತ್ತದೆ. ಅಂಚೆಯವನ ಕೆಲಸ ಅಷ್ಟೇ. ಮೆಟ್ಟಿಲು ಹತ್ತುವಾಗ ಬಡಿತ ಏರುವುದು ನನ್ನದೇ ಹೃದಯದ ಆಜ್ಞೆಯಂತೆ.

ಆ ಸಂಜ್ಞೆ ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತಾದದ್ದು ಒಂದು ಮೂಷಕದಂಥ ಪ್ರಾಣಿಯಿಂದ! 1906ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯವಿದ್ಯಾರ್ಥಿ, ನೆಲದೊಳಗೆ ಬಿಲ ತೋಡುವ ‘ಮೋಲ್’ ಎಂಬ ಜೀವಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಸೈಕಲ್ ಸವಾರಿ ಮುಗಿಸಿ ಬಂದ ಗುರು ಆರ್ಥರ್ ಕೀತ್‌ಗೆ ಅಲ್ಲಿದ್ದ ಹೊಸ ಅಂಗಾಂಶವನ್ನು ತೋರಿಸಿದ. ಅದೇ ವರ್ಷ ಜಪಾನಿನ ಸುನಾವೊ ತವಾರ ಎರಡು ಕೋಣೆಗಳ ನಡುವಿನ ದಾಟುದಾರಿಯನ್ನು ವಿವರಿಸಿದ್ದರು. ನನ್ನಲ್ಲಿ ಕೆಟ್ಟದ್ದು ಈ ದಾರಿ. ಇವರಿಗೆಲ್ಲ ಧನ್ಯವಾದ ಹೇಳುವುದು ಹೇಗೋ ತಿಳಿಯದು, ಹೆಸರನ್ನಾದರೂ ಬರೆಯುತ್ತೇನೆ.

ಇನ್ನೊಂದು ಹೆಸರು ಎಲ್ಸೆ ಮರಿ ಲಾರ್ಸನ್. ಸ್ವೀಡನ್ನಿನ ಈಕೆಯ ಗಂಡ ಆರ್ನೆಗೆ ನನ್ನದೇ ರೋಗ. ಆತ ದಿನಕ್ಕೆ ಹಲವಾರು ಸಲ ಪ್ರಜ್ಞೆ ತಪ್ಪುತ್ತಿದ್ದ. ಒಳಗೇ ಇಡುವ ಪೇಸ್‌ಮೇಕರನ್ನು ಅಲ್ಲಿಯವರೆಗೆ ಯಾವ ಮನುಷ್ಯನಿಗೂ ಅಳವಡಿಸಿರಲಿಲ್ಲ. ಈಕೆ ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿಡಲಿಲ್ಲ. ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ರಾಳ ಎರೆದು ಯಂತ್ರ ತಯಾರಿಸಿದರು. 1958ರ ಅಕ್ಟೋಬರ್ 8ರಂದು ಅದನ್ನು ಆರ್ನೆಯ ಹೊಟ್ಟೆಯ ಚರ್ಮದಡಿ ಇಟ್ಟರು. ಕೆಲವೇ ಗಂಟೆಗಳಲ್ಲಿ ಅದು ನಿಂತಿತು, ಇನ್ನೊಂದನ್ನು ಇಟ್ಟರು. ಹೀಗೆ ಯಂತ್ರ ಬದಲಿಸುತ್ತ ಬದಲಿಸುತ್ತ ಆತ 2001ರವರೆಗೆ, 86 ವರ್ಷ ಬದುಕಿದ. ಆ ಹೊತ್ತಿಗೆ ಎಂಜಿನಿಯರೂ ಇರಲಿಲ್ಲ, ಶಸ್ತ್ರಚಿಕಿತ್ಸಕರೂ ಇರಲಿಲ್ಲ.

ಈ ಕಥೆಯನ್ನು ಅಕ್ಕನಿಗೆ ಓದಿ ಹೇಳಿದೆ. ಕಣ್ಣೀರು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. “ಮತ್ತೆ, ಸುಮ್ಮನೆ ಮನೆಗೆ ಹೋಗಬೇಕಿತ್ತಾ ಅವಳು?” ಎಂದು ಕೇಳಿ, ಬಾಚಣಿಗೆ ಎತ್ತಿಟ್ಟಳು.