ತಪ್ಪೊಪ್ಪಿಗೆ ಯಾರ ಮಾತಿನಲ್ಲಿದೆ?

ಮಾನ್ಯ ಸಂಪಾದಕರೇ,

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ನಮ್ಮ ಓಣಿಯ ಯುವಕನೊಬ್ಬ, ‘ಒಪ್ಪಿಕೊಂಡರೆ ದಂಡ ಕಟ್ಟಿ ಇವತ್ತೇ ಮನೆಗೆ ಹೋಗಬಹುದು’ ಎಂಬ ಯಾರದೋ ಮಾತು ನಂಬಿ ಜಗಳದ ಪ್ರಕರಣವೊಂದರಲ್ಲಿ ತಪ್ಪೊಪ್ಪಿಕೊಂಡ. ಅದು ಅಪರಾಧದ ದಾಖಲೆಯಾಗಿ ಉಳಿಯುತ್ತದೆಂದು ಅವನಿಗೆ ತಿಳಿದದ್ದು, ಚಾಲಕನ ಕೆಲಸಕ್ಕೆ ಪೊಲೀಸ್ ಪರಿಶೀಲನೆ ನಡೆದಾಗ.

ಅಪರಾಧ ಪ್ರಕರಣಗಳ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ ಪ್ರಕಾರ, ತಪ್ಪೊಪ್ಪಿಕೊಂಡವರು ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯನ್ನಷ್ಟೇ ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು. ಆದರೆ ಆಮಿಷದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು, ಕೆಳ ನ್ಯಾಯಾಲಯದ ಆದೇಶ ಸರಿಯೇ ಎಂದು ಮೇಲಿನ ನ್ಯಾಯಾಲಯ ನೋಡುವ ಪುನರ್‌ಪರಿಶೀಲನಾ ಅರ್ಜಿಯಲ್ಲಿ ವಾದಿಸಲು ಅವಕಾಶವಿದ್ದು, ಅದಕ್ಕೆ 90 ದಿನಗಳ ಕಾಲಮಿತಿಯಿದೆ. ಕಡಿಮೆ ಶಿಕ್ಷೆಯ ಭರವಸೆಯಿಂದ ತಪ್ಪೊಪ್ಪಿಸಿ, ಬಳಿಕ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ನೀಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. 1983ರ ಕಾನೂನು ವರದಿಗಳಲ್ಲಿ ಅದಿದೆ.

ಸಮನ್ಸ್ ಪ್ರಕರಣಗಳಲ್ಲಿ, ಅಂದರೆ ಕಡಿಮೆ ಶಿಕ್ಷೆಯ ಸಣ್ಣ ಪ್ರಕರಣಗಳಲ್ಲಿ, ಒಪ್ಪಿಗೆಯನ್ನು ಸಾಧ್ಯವಾದಷ್ಟು ಆರೋಪಿಯ ಮಾತುಗಳಲ್ಲೇ ದಾಖಲಿಸಬೇಕೆಂದು ಅದೇ ಸಂಹಿತೆಯ 275ನೇ ಕಲಂ ಹೇಳುತ್ತದೆ. ಆ ಯುವಕನ ಒಪ್ಪಿಗೆ ದಾಖಲಿಸಿದ್ದ ಹಾಳೆಯನ್ನು ನಾನು ನೋಡಿದೆ; ಅದರಲ್ಲಿದ್ದದ್ದು ಅಚ್ಚಾದ ಒಂದೇ ಸಾಲು. ನಮ್ಮ ಹುಡುಗ ಹಾಗೆ ಮಾತಾಡುವವನಲ್ಲ. ಒಪ್ಪಿಗೆ ಕೇಳುವ ಮುನ್ನ ಆರೋಪಿಗೆ ವಕೀಲರೊಬ್ಬರು ಪರಿಣಾಮ ವಿವರಿಸುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವ್ಯವಸ್ಥೆ ಮಾಡಲಿ.

– ಒಬ್ಬ ಓದುಗ, ದಾವಣಗೆರೆ