ಬಿಡಿಭಾಗ ಬದಲಿಸುವ ಮೊದಲು ದೋಷ ಹಿಡಿಯಿರಿ

ಮಾನ್ಯ ಸಂಪಾದಕರೇ,

ಹಳೆಯ ಮೋಟಾರ್ ಸೈಕಲ್ ಓಡುತ್ತಿದ್ದ ಹಾಗೇ ಫಕ್ಕನೆ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಈ ಕಾಟಕ್ಕೆ ಸಾಮಾನ್ಯವಾಗಿ ಸಿಗುವ ಮದ್ದು ಒಂದೇ ತೆರನಾದದ್ದು: ಮೊದಲು ಪ್ಲಗ್ ಬದಲಿಸುವುದು, ಹೋಗದಿದ್ದರೆ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ತಂತಿಸುರುಳಿ), ಅದಾದ ಮೇಲೆ ಸಿಡಿಐ (ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ). ಇಷ್ಟೆಲ್ಲ ಆದ ಮೇಲೆ ನೋಡಿದರೆ ದೋಷ ಇದ್ದದ್ದು ಹ್ಯಾಂಡಲ್ ಬುಡದಲ್ಲಿ ಒಳಗೊಳಗೇ ತುಂಡಾದ ವೈರಿನಲ್ಲೋ ವೈರನ್ನು ಬಾಡಿಗೆ ಜೋಡಿಸುವ, ತುಕ್ಕು ಹಿಡಿದ ಅರ್ತ್ ಬೋಲ್ಟಿನಲ್ಲೋ ಆಗಿರುತ್ತದೆ. ಬಿಟ್ಟು ಬಿಟ್ಟು ಬರುವ ದೋಷವನ್ನು ಅದು ಇರುವಾಗಲೇ ಹಿಡಿಯಬೇಕು. ಗಾಡಿ ಚೆನ್ನಾಗಿ ಓಡುತ್ತಿರುವಾಗ ಏನನ್ನು ಪರೀಕ್ಷಿಸಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ವಿಷಯ ಗಾಡಿ ಓಡಿಸುವವರಿಗೂ ರಿಪೇರಿ ಮಾಡುವವರಿಗೂ ತಲುಪಲಿ ಎಂದು ಈ ಪತ್ರ.

ಹಾಗಾಗಿ ಒಂದು ಒಳ್ಳೆಯ ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್ ಸದಾ ಟೂಲ್ ಬಾಕ್ಸಿನಲ್ಲಿರಲಿ. ಗಾಡಿ ನಿಂತ ಕೂಡಲೇ ರಸ್ತೆಯ ಅಂಚಿಗೆ ತಳ್ಳಿ, ಎಂಜಿನ್ ತಣ್ಣಗಾಗುವ ಮೊದಲೇ ಪ್ಲಗ್ ಕ್ಯಾಪ್ ಕಿತ್ತು ಆ ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ. ಪ್ಲಗ್ಗಿನ ಲೋಹದ ಮೈ ಎಂಜಿನ್ ಹೆಡ್ಡಿಗೆ ಗಟ್ಟಿಯಾಗಿ ತಾಗಿರುವಂತೆ, ಕೈ ರಬ್ಬರ್ ಕ್ಯಾಪಿನ ಮೇಲಷ್ಟೇ ಇರುವಂತೆ ಹಿಡಿದು ಕಿಕ್ ಹೊಡೆಯಿರಿ. ಎಂಜಿನ್ನಿನಲ್ಲಿರುವ ಪ್ಲಗ್ ಬಿಚ್ಚಬೇಡಿ. ತೆರೆದ ತೂತಿನಿಂದ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕ್ಯಾಪನ್ನು ಗಾಳಿಯಲ್ಲಿ ನೇತುಬಿಟ್ಟು ಕಿಕ್ ಹೊಡೆಯುವುದೂ ಕೆಟ್ಟ ಅಭ್ಯಾಸ. ಹೈ ವೋಲ್ಟೇಜಿಗೆ ಹೋಗಲು ದಾರಿಯಿಲ್ಲದೆ ಅದು ಕಾಯಿಲ್‌ನ ಒಳಗಿನ ಇನ್ಸುಲೇಷನ್ನನ್ನೇ ಸೀಳಿಕೊಂಡು ಹೋಗಬಹುದು, ಸಿಡಿಐ ಕೂಡ ಕೆಡಬಹುದು.

ಕಿಡಿ ದಪ್ಪಗೆ ನೀಲಿಯಾಗಿ ಚಟಚಟನೆ ಬಂದರೆ, ಎಂಜಿನ್ನಿನಲ್ಲಿರುವ ಪ್ಲಗ್ಗನ್ನು ಬಿಟ್ಟು ಇಗ್ನಿಷನ್ (ಕಿಡಿ ಹುಟ್ಟಿಸುವ ವ್ಯವಸ್ಥೆ) ಕಡೆ ತೊಂದರೆ ಇರುವ ಸಾಧ್ಯತೆ ಕಡಿಮೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಉಸ್ಸೆಂದು ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಓಡಿದರೆ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ ಎಂದರ್ಥ. ತೊಂದರೆ ಪೆಟ್ರೋಲಿನದೋ ಇಗ್ನಿಷನ್ನಿನದೋ ಎಂಬ ವ್ಯತ್ಯಾಸ ಸವಾರಿಯಲ್ಲೇ ಗೊತ್ತಾಗುತ್ತದೆ. ಪೆಟ್ರೋಲ್ ಸಾಲದಾದರೆ ಗಾಡಿ ಎಳೆಯುವುದು ಕಡಿಮೆಯಾಗುತ್ತ, ಜಗ್ಗುತ್ತ ನಿಲ್ಲುತ್ತದೆ. ಕರೆಂಟ್ ಹೋದರೆ ಕೀ ತಿರುಗಿಸಿದಂತೆ ಒಮ್ಮೆಗೇ ನಿಲ್ಲುತ್ತದೆ.

ಕಿಡಿ ಇಲ್ಲದಿದ್ದರೆ, ಅಥವಾ ಹಳದಿಯಾಗಿ ತೆಳ್ಳಗೆ ಬಂದರೆ, ಮುಂದಿನ ಪ್ರಶ್ನೆ: ಯಾವಾಗ ಹೀಗಾಗುತ್ತದೆ? ಬಿಸಿಯಾದಾಗಲೇ, ಒದ್ದೆಯಾದಾಗಲೇ, ಅಲುಗಾಡಿದಾಗಲೇ?

ಬಿಸಿಯಾದಾಗ ನಿಂತು ತಣಿದ ಮೇಲೆ ಸರಿಹೋಗುವ ಗಾಡಿಯಲ್ಲಿ ಅನುಮಾನ ಪಡಬೇಕಾದ್ದು ಕಾಯಿಲ್, ಮ್ಯಾಗ್ನೆಟೋ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗ) ಒಳಗಿನ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಬರಬೇಕೆಂದು ಸಿಡಿಐಗೆ ತಿಳಿಸುವ ಸುರುಳಿ), ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ ಗಾಡಿಯಾದರೆ ಅದರ ಜೊತೆಗಿರುವ, ಪಾಯಿಂಟ್ ಸುಡದಂತೆ ತಡೆಯುವ ಕಂಡೆನ್ಸರ್. ಕಾಯಿಲ್ ಒಳಗಿನ ಕೂದಲೆಳೆಯಂಥ ತಂತಿ ಎಲ್ಲೋ ಒಂದು ಕಡೆ ತುಂಡಾಗಿದ್ದರೆ, ತಣ್ಣಗಿರುವಾಗ ಎರಡು ತುದಿಗಳೂ ಒಂದಕ್ಕೊಂದು ತಾಗಿರುತ್ತವೆ. ಶಾಖಕ್ಕೆ ಹಿಗ್ಗಿದಾಗ ಬೇರ್ಪಡುತ್ತವೆ. ಆದ್ದರಿಂದ ಮಲ್ಟಿಮೀಟರಿನಲ್ಲಿ ತಣ್ಣಗಿದ್ದಾಗ ಒಮ್ಮೆ, ಬಿಸಿಯಿದ್ದಾಗ ಇನ್ನೊಮ್ಮೆ ಅಳೆಯಬೇಕು. ಬಿಸಿ ಮಾಡಲು ಹೇರ್ ಡ್ರೈಯರ್ ಸಾಕು. ಪಾಯಿಂಟ್ ಇರುವ 12 ವೋಲ್ಟ್ ಗಾಡಿಯಲ್ಲಿ ಕಾಯಿಲ್‌ನ ಪ್ರೈಮರಿ (ಕರೆಂಟ್ ಒಳಬರುವ ಸುರುಳಿ) ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಸಿಡಿಐ ಕಾಯಿಲ್‌ನಲ್ಲಿ ಅದು 1 ಓಮ್‌ಗಿಂತಲೂ ಕಡಿಮೆ ಇರಬಹುದು. ಪಲ್ಸರ್ ಕಾಯಿಲ್‌ನ ಅಳತೆ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಅದನ್ನು ಆಯಾ ಗಾಡಿಯ ಮ್ಯಾನುಯಲ್‌ನಲ್ಲೇ ನೋಡಬೇಕು. ತಾಮ್ರದ ರೋಧ 10 ಡಿಗ್ರಿಗೆ ಸುಮಾರು ಶೇ 4ರಷ್ಟು ತಾನಾಗಿಯೇ ಏರುತ್ತದೆ, ಅದು ದೋಷವಲ್ಲ. ಅಂಕಿ ಇದ್ದಕ್ಕಿದ್ದಂತೆ ಹಾರಿದರೆ ಅಥವಾ ಮೀಟರ್ ಓಪನ್ (ತಂತಿ ತುಂಡಾಗಿದೆ ಎಂದು) ತೋರಿಸಿದರೆ ಆ ಕಾಯಿಲ್ ಕೆಟ್ಟಿದೆ. ಸೆಕೆಂಡರಿ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಸುರುಳಿ) ಅಳೆಯುವಾಗ ಪ್ಲಗ್ ಕ್ಯಾಪ್ ತೆಗೆದಿರಬೇಕು. ಅನೇಕ ಕ್ಯಾಪ್‌ಗಳ ಒಳಗೆ 5,000 ಓಮ್‌ನ ರೆಸಿಸ್ಟರ್ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಕಂಡೆನ್ಸರ್ ಸೋತದ್ದನ್ನು ಪಾಯಿಂಟೇ ಹೇಳುತ್ತದೆ. ಎಂಜಿನ್ ಓಡುವಾಗ ಪಾಯಿಂಟಿನ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ, ಮುಖ ಸುಟ್ಟು ಒಂದು ಕಡೆ ಗುಳಿ ಬಿದ್ದು ಎದುರು ಕಡೆ ಸಣ್ಣ ಗುಡ್ಡೆ ಬೆಳೆದಿದ್ದರೆ ಮೊದಲು ಕಂಡೆನ್ಸರನ್ನೇ ನೋಡಿ. ಪಾಯಿಂಟನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜುವುದನ್ನು ದಯವಿಟ್ಟು ಬಿಡಿ. ಅದರ ಪುಡಿ ಲೋಹದೊಳಗೆ ನಾಟಿಕೊಂಡು ಮತ್ತೆ ಕರೆಂಟ್ ತಡೆಯುತ್ತದೆ. ನುಣುಪಾದ ಪಾಯಿಂಟ್ ಫೈಲ್‌ನಿಂದ ಎರಡು ಸಲ ಎಳೆದು, ಗಟ್ಟಿ ಬಿಳಿ ಕಾಗದದ ತುಂಡನ್ನು ನಡುವೆ ಸಿಕ್ಕಿಸಿ ಎಳೆದರೆ ಕಪ್ಪೆಲ್ಲ ಕಾಗದಕ್ಕೆ ಬರುತ್ತದೆ. ಕಾಗದ ಬಿಳಿಯಾಗಿಯೇ ಬರುವವರೆಗೆ ಎಳೆಯಿರಿ. ಕ್ಯಾಮ್‌ನ ಎತ್ತರದ ಭಾಗಕ್ಕೆ ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜ್‌ನಲ್ಲಿ 0.35ರಿಂದ 0.40 ಮಿ.ಮೀ. ಗ್ಯಾಪ್ ಬಹಳ ಗಾಡಿಗಳಿಗೆ ಹೊಂದುತ್ತದೆ. ಗ್ಯಾಪ್ ಬದಲಿಸಿದರೆ ಟೈಮಿಂಗೂ (ಕಿಡಿ ಹಾರುವ ಸಮಯ) ಬದಲಾಗುತ್ತದೆ, ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಮಳೆಯಲ್ಲಿ ಮಾತ್ರ ಮಿಸ್ ಹೊಡೆಯುವ ಗಾಡಿಯನ್ನು ಕತ್ತಲಲ್ಲಿ ಸ್ಟಾರ್ಟ್ ಮಾಡಿ, ಪ್ಲಗ್ ಕ್ಯಾಪ್ ಮತ್ತು ಎಚ್‌.ಟಿ. ವೈರಿನ (ಕಾಯಿಲ್‌ನಿಂದ ಪ್ಲಗ್ಗಿಗೆ ಹೋಗುವ ಹೈ ವೋಲ್ಟೇಜ್ ವೈರ್) ಮೇಲೆ ಸ್ಪ್ರೇ ಬಾಟಲಿಯಿಂದ ಹನಿ ಹನಿಯಾಗಿ ನೀರು ಸಿಂಪಡಿಸಿ. ವೈರ್ ಬಿರುಕು ಬಿಟ್ಟ ಕಡೆ ನೀಲಿ ಬೆಳಕು ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಮುಟ್ಟಬೇಡಿ. ವೈರಿನ ತುದಿ ಮಾತ್ರ ಹಸಿರುಗಟ್ಟಿದ್ದರೆ, ಒಳಗೆ ತಾಮ್ರದ ಎಳೆಗಳಿರುವ ವೈರಾಗಿದ್ದು ಉದ್ದವೂ ಸಾಕಷ್ಟಿದ್ದರೆ, 5–6 ಮಿ.ಮೀ. ಕತ್ತರಿಸಿ ಕ್ಯಾಪನ್ನು ಮತ್ತೆ ತಿರುಗಿಸಿ ಕೂರಿಸಿದರೆ ಸಾಕು. ಕಾಯಿಲ್ ಬದಲಿಸಬೇಕಿಲ್ಲ.

ಇನ್ನು ಅಲುಗಾಟ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಅದರ ಬುಡದಲ್ಲಿ ಹಾದುಹೋಗುವ ವೈರಿಂಗ್ ಕಟ್ಟನ್ನು ಬೆರಳಲ್ಲಿ ಬಾಗಿಸಿ ನೋಡಿ. ಸದ್ದು ತಪ್ಪಿದ ಜಾಗದಲ್ಲೇ ದೋಷ. ಮೇಲಿನ ಹೊದಿಕೆ ಸರಿಯಾಗಿದ್ದು ಒಳಗಿನ ತಾಮ್ರ ತುಂಡಾಗಿರುವುದು ಇಲ್ಲಿ ಸಾಮಾನ್ಯ. ಮ್ಯಾಗ್ನೆಟೋದಿಂದ ನಡೆಯುವ ಸಿಡಿಐ ಗಾಡಿಯಲ್ಲಿ ಕಿಲ್ ಸ್ವಿಚ್ಚಿನ (ಎಂಜಿನ್ ಆಫ್ ಮಾಡುವ ಸ್ವಿಚ್) ವೈರ್ ಎಲ್ಲಾದರೂ ಬಾಡಿಗೆ ತಾಗಿದರೂ ಕಿಡಿ ಸಾಯುತ್ತದೆ. ಆ ವೈರನ್ನು ತಾತ್ಕಾಲಿಕವಾಗಿ ಬಿಡಿಸಿ ಓಡಿಸಿ ನೋಡಿದರೆ ಸ್ವಿಚ್ಚಿನದೋ ಬೇರೆಯದೋ ಎಂದು ತೀರ್ಮಾನವಾಗುತ್ತದೆ. ಆಗ ಕೀ ಆಫ್ ಮಾಡಿದರೂ ಎಂಜಿನ್ ನಿಲ್ಲದಿರಬಹುದು. ಬ್ರೇಕ್ ಹಿಡಿದು ಟಾಪ್ ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸುವುದು ತಿಳಿದಿರಲಿ.

ಬ್ಯಾಟರಿಯಿಂದ ನಡೆಯುವ ಪಾಯಿಂಟ್ ಇಗ್ನಿಷನ್‌ನಲ್ಲಿ ಯಾರೂ ಅಳೆಯದ, ಆದರೆ ಮೊದಲು ಅಳೆಯಬೇಕಾದ ಒಂದು ಜಾಗವಿದೆ. ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ, ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ಗೆ ಇಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಕೀ ಸ್ವಿಚ್, ಕಿಲ್ ಸ್ವಿಚ್, ಫ್ಯೂಸ್ ಹೋಲ್ಡರ್ ಅಥವಾ ಯಾವುದೋ ಕನೆಕ್ಟರಿನಲ್ಲಿ ತುಕ್ಕಿದೆ. 3 ಓಮ್ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ತುಕ್ಕಿನ ಅರ್ಧ ಓಮ್ ಸೇರಿದರೂ 12 ವೋಲ್ಟಿನಲ್ಲಿ ಸುಮಾರು 1.7 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಕಿಡಿ ದುರ್ಬಲವಾಗುವುದಕ್ಕೆ ಇಷ್ಟು ಸಾಕು, ಹೊಸ ಕಾಯಿಲ್ ಹಾಕಿದರೂ ಅದು ಸರಿಹೋಗುವುದಿಲ್ಲ. ಇದೇ ರೀತಿ ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬಾಡಿಗೂ ಅಳೆಯಿರಿ.

ಮೆಕ್ಯಾನಿಕ್ ಮಿತ್ರರಲ್ಲಿ ಒಂದು ವಿನಂತಿ: ಪರೀಕ್ಷೆಯಲ್ಲಿ ಕೆಟ್ಟಿದೆ ಎಂದು ಸಾಬೀತಾಗದ ಭಾಗವನ್ನು ಎಸೆಯಬೇಡಿ, ಮಾಲೀಕರ ಕೈಗೇ ಕೊಡಿ. ಹೊಸ ಕಂಡೆನ್ಸರ್‌ಗಳಲ್ಲೂ ಕಳಪೆಯವು ಬರುತ್ತವೆ, ಹಳೆಯದೇ ಮತ್ತೆ ಬೇಕಾಗಬಹುದು. ಮಾಲೀಕರು ಕೂಡ ‘ಗಾಡಿ ಆಫ್ ಆಗುತ್ತೆ’ ಎಂದಷ್ಟೇ ಹೇಳಿ ಬಿಟ್ಟುಹೋಗಬಾರದು. ಎಷ್ಟು ದೂರ ಓಡಿದ ಮೇಲೆ, ಬಿಸಿಲಲ್ಲೋ ಮಳೆಯಲ್ಲೋ, ತಿರುವಿನಲ್ಲೋ ಗುಂಡಿಯಲ್ಲೋ, ಆಗ ಹೆಡ್‌ಲೈಟ್ ಹಾರ್ನ್ ಕೆಲಸ ಮಾಡುತ್ತಿದ್ದವೋ ಇಲ್ಲವೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೀ ಜೊತೆ ಕೊಡಬೇಕು.

ಇತಿ,
ಓರ್ವ ಓದುಗ