ಭಿನ್ನರಾಶಿ ಶುರು, ಭಿನ್ನರಾಶಿ ಮುಗೀತು

ನಿನ್ನೆ ಫಲಿತಾಂಶ ಬಂತು. ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಮುಗಿಸಿದೆ, ಮೊದಲ ದರ್ಜೆಯಲ್ಲಿ. ಬೆಳಗಿನಿಂದ ಫೋನ್ ಬಿಡುವು ಕೊಟ್ಟಿಲ್ಲ. ಕಣ್ಣು ಕಾಣದಿದ್ದರೂ ಎಷ್ಟು ಸಾಧಿಸಿದೆ ಅಂತ ತುಂಬಾ ಜನ ಹೊಗಳಿದರು. ಖುಷಿಯೇ. ಆದರೆ ನಿಜ ಹೇಳಬೇಕಂದ್ರೆ, ಈ ಎರಡು ವರ್ಷ ನನ್ನನ್ನು ಕಣ್ಣಿಗಿಂತ ಜಾಸ್ತಿ ಕಾಡಿದ್ದು ಸ್ಕ್ಯಾನ್ ಮಾಡಿದ ನೋಟ್ಸು. ಅಂಥ ಅಡ್ಡಿಗಳನ್ನು ಒಂದೊಂದಾಗಿ ತೆಗೆದವರು ಕೆಲವರಿದ್ದಾರೆ. ಈ ಬರಹ ಅವರಿಗೆ.

ಮೊದಲು ಸರ್‌ಗೆ. ಶುರುವಿನ ದಿನಗಳಲ್ಲಿ ನೀವು ಬೋರ್ಡಿನ ಮೇಲೆ ಬರೆಯುತ್ತಾ "ಇದನ್ನ ಇದರಿಂದ ಭಾಗಿಸಿದ್ರೆ ಇದು ಬರುತ್ತೆ, ಅಲ್ವಾ?" ಅಂದಿರಿ. ಎಲ್ಲರೂ ಹೌದು ಸರ್ ಅಂದರು. ನಾನೂ ಅಂದೆ. ಯಾವುದನ್ನ, ಯಾವುದರಿಂದ, ಒಂದೂ ತಿಳಿದಿರಲಿಲ್ಲ. ಮೂರನೇ ದಿನ ಕ್ಲಾಸ್ ಮುಗಿದ ಮೇಲೆ ಅಳುಕುತ್ತಲೇ ಹೇಳಿದೆ. ನೀವು ಅಯ್ಯೋ ಪಾಪ ಅನ್ನಲಿಲ್ಲ. "ಹಾಗಾದ್ರೆ ಹೇಗೆ ಹೇಳಲಿ?" ಅಂತ ಕೇಳಿದಿರಿ.

ಮಾರನೇ ದಿನದಿಂದ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳತೊಡಗಿದಿರಿ. ಆಗ ಬೇರೆ ತೊಡಕು. "ಎಕ್ಸ್ ಪ್ಲಸ್ ಒನ್ ಬೈ ಟು" ಅಂದರೆ ಏನು? ಎಕ್ಸ್‌ಗೆ ಒಂದು ಕೂಡಿಸಿ ಎರಡರಿಂದ ಭಾಗಿಸಬೇಕಾ, ಅಥವಾ ಎಕ್ಸ್‌ಗೆ ಅರ್ಧ ಕೂಡಿಸಬೇಕಾ? ಎಕ್ಸ್ ಮೂರಾದರೆ ಒಂದರ ಉತ್ತರ ಎರಡು, ಇನ್ನೊಂದರದು ಮೂರೂವರೆ. ಗೆರೆ ಎಲ್ಲಿವರೆಗೆ ಎಳೆದಿದೆ ಅನ್ನೋದು ಕಿವಿಗೆ ಕೇಳಿಸಲ್ಲ.

ನಾನು ನಿಮಗೆ ಅಬ್ರಹಾಂ ನೆಮೆತ್ ಅವರ ವಿಷಯ ಹೇಳಿದ್ದು ಆಗಲೇ. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಗಣಿತ ನಿನಗಲ್ಲ ಅಂತ ಬುದ್ಧಿ ಹೇಳಿ ಮನಃಶಾಸ್ತ್ರ ಓದಲು ಕಳಿಸಿದ್ದರು. (ಆ ಬುದ್ಧಿವಾದ ನನಗೂ ಧಾರಾಳವಾಗಿ ಸಿಕ್ಕಿದೆ.) ಕೊನೆಗೆ ಅವರು ಗಣಿತದ ಪ್ರಾಧ್ಯಾಪಕರೇ ಆದರು. ಗಣಿತಕ್ಕೆ ಅವರು ರೂಪಿಸಿದ ಬ್ರೈಲ್ ಸಂಕೇತ 1952ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಿನ್ನರಾಶಿ ಶುರುವಾಗೋದಕ್ಕೆ ಒಂದು ಗುರುತು, ಮುಗಿಯೋದಕ್ಕೆ ಇನ್ನೊಂದು. ಗಣಿತವನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೂ ಅವರು ಇದೇ ರೀತಿಯ ಕ್ರಮ ಮಾಡಿದ್ದರು. ನೀವು ಅದನ್ನೇ ಹಿಡಿದುಕೊಂಡಿರಿ. "ಭಿನ್ನರಾಶಿ ಶುರು, ಎಕ್ಸ್ ಪ್ಲಸ್ ಒಂದು, ಕೆಳಗೆ ಎರಡು, ಭಿನ್ನರಾಶಿ ಮುಗೀತು." ಮೊದಮೊದಲು ಕ್ಲಾಸು ನಕ್ಕಿತು. ಒಂದು ತಿಂಗಳಾದ ಮೇಲೆ ಹಿಂದಿನ ಬೆಂಚಿನವರು ನನಗೇ ಬಂದು ಥ್ಯಾಂಕ್ಸ್ ಹೇಳಿದರು. ನಿಮ್ಮ ಕೈಬರಹ ಅವರಿಗೂ ಅರ್ಥವಾಗುತ್ತಿರಲಿಲ್ಲವಂತೆ ಸರ್, ಬೇಜಾರು ಮಾಡ್ಕೋಬೇಡಿ.

ಗ್ರಂಥಾಲಯದ ಮೇಡಂಗೆ ಹೇಗೆ ಹೇಳಲಿ? ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಬರೀ ಚಿತ್ರ. ನಾನು ಬಳಸುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಎನ್‌ವಿಡಿಎ. ಸ್ವತಃ ಕಣ್ಣು ಕಾಣದ ಮೈಕಲ್ ಕರನ್ 2006ರಲ್ಲಿ ಅದನ್ನು ಶುರು ಮಾಡಿದರು, ಇವತ್ತಿಗೂ ಉಚಿತ. ಆದರೆ ಅಕ್ಷರವೇ ಇಲ್ಲದ ಪುಟದಲ್ಲಿ ಅದು ಏನು ತಾನೇ ಓದೀತು? ಮೇಡಂ, ನೀವು ಓಸಿಆರ್ ಹಾಕಿದಿರಿ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸೋ ತಂತ್ರಾಂಶ. ಮೊತ್ತದ ಚಿಹ್ನೆ ಸಿಗ್ಮಾ (Σ) ಹೋಗಿ "ಇ" ಆಯಿತು, ಎಕ್ಸ್ ವರ್ಗ ಹೋಗಿ "ಎಕ್ಸ್ ಎರಡು" ಆಯಿತು. ಸಂಜೆ ಕೂತು ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ ತಿದ್ದಿದಿರಿ. ಸಮೀಕರಣಗಳನ್ನು ಅಕ್ಷರಗಳಲ್ಲೇ ಟೈಪ್ ಮಾಡುವ ಲೇಟೆಕ್ ಬೇರೆ ಕಲಿತಿರಿ. ಅದು ನಿಮ್ಮ ಕೆಲಸದ ಪಟ್ಟಿಯಲ್ಲಿ ಇರಲೇ ಇಲ್ಲ.

ಪರೀಕ್ಷೆಯ ಕಥೆ ಜಾಸ್ತಿ ಬೆಳೆಸಲ್ಲ. ಮೊದಲ ಸೆಮಿಸ್ಟರಿನಲ್ಲಿ ನಾನು ಹೇಳಿದ ಉತ್ತರ ಬರೆಯಲು ಸಿಕ್ಕ ಬರಹಗಾರರು ಸಿಗ್ಮಾ ಅಂದರೆ ಸ್ಪೆಲಿಂಗ್ ಕೇಳಿದರು. ಅವರದೇನೂ ತಪ್ಪಿಲ್ಲ. ಹೆಚ್ಚುವರಿ ಸಮಯವೆಲ್ಲ ಅದಕ್ಕೇ ಹೋಯಿತು. ಕಂಪ್ಯೂಟರಿನಲ್ಲಿ ಬರೆಯಲು ಅನುಮತಿ ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ನನ್ನ ಅರ್ಜಿ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿದ ವಿಭಾಗದ ಗುಮಾಸ್ತರಿಗೆ ನಮಸ್ಕಾರ.

ಇನ್ನು ನೀನು, ಗೆಳತಿ. ಅಂಕಿಗಳು ಸರಾಸರಿಯ ಸುತ್ತ ಹೇಗೆ ಹರಡಿವೆ ಅಂತ ತೋರಿಸುವ ನಾರ್ಮಲ್ ಕರ್ವ್ ಗಂಟೆಯ ಹಾಗಿರುತ್ತೆ ಅಂತ ಎಲ್ಲರೂ ಹೇಳಿದ್ದರು. ನೀನು ರಟ್ಟಿನ ಮೇಲೆ ಉಲ್ಲನ್ ದಾರ ಅಂಟಿಸಿ ತಂದು ನನ್ನ ಬೆರಳು ಇಟ್ಟೆ. ತುದಿಯಿಂದ ಇಳಿಯುತ್ತಾ ಒಂದು ಕಡೆ ಬಾಗು ತಿರುಗಿತು. "ಸರಾಸರಿಯಿಂದ ಅಲ್ಲಿಗೆ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್" ಅಂದೆ ನೀನು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದರ ಅಳತೆ ಅದು, ಅದರ ಗುರುತು ಚಿಕ್ಕ ಸಿಗ್ಮಾ (σ). ಸೂತ್ರದಲ್ಲಿ ನೂರು ಸಲ ಕೇಳಿದ್ದ ಸಿಗ್ಮಾ ಅವತ್ತು ಬೆರಳಿಗೆ ಸಿಕ್ಕಿತು. ಇನ್ನೂ ಮುಂದೆ ಹೋದೆ. ದಾರ ಕೆಳಗಿನ ಗೆರೆಯ ಹತ್ತಿರ ಹತ್ತಿರ ಬಂತು, ತಾಗಲಿಲ್ಲ. ಆಮೇಲೆ ಬೆರಳಿಗೆ ಬರೀ ಗಾಳಿ. "ರಟ್ಟು ಮುಗೀತು ಕಣೇ, ಕರ್ವ್ ಮುಗಿದಿಲ್ಲ" ಅಂದೆ ನೀನು.

ಆ ರಟ್ಟನ್ನು ವಿಭಾಗದ ಕಪಾಟಿನಲ್ಲೇ ಬಿಟ್ಟು ಬಂದಿದ್ದೇನೆ. ಎಡಗಡೆ ದಾರ ಸ್ವಲ್ಪ ಎದ್ದಿದೆ. ಯಾರಾದರೂ ಗೋಂದು ಹಚ್ಚಿಡಿ.